ಕಂಕನಾಡಿಯ ಒಂದು ಗಿಟಾರ್ ಕ್ಲಾಸ್: ಹಳೇ ರಾಕ್ ಹಾಡುಗಳ ಹುಚ್ಚು ಇದ್ದವರಿಗೆ

ಗ್ರೇಡ್ ಪರೀಕ್ಷೆ, ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಈ ಕ್ಲಾಸ್ ಅಲ್ಲ. ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಈಗಲ್ಸ್ ಅಂತ ಕೇಳಿಕೊಂಡು ಬೆಳೆದು, ಈಗ ಆಫೀಸ್ ಮುಗಿಸಿ ಬಂದ ಮೇಲೆ ಅದನ್ನೇ ನಾಲ್ಕು ಜನ ಗುರುತು ಹಿಡಿಯುವ ಹಾಗೆ ನುಡಿಸಬೇಕು ಅನ್ನುವವರಿಗೆ ಮಾತ್ರ. ಅಂಥವರಿಗೆ ಮಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಕ್ಲಾಸ್ ನನಗಂತೂ ಸಿಕ್ಕಿಲ್ಲ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ದೂರೂ ಉಂಟು.

ಜಾಗದ ಬಗ್ಗೆ ಹೇಳುವಂಥದ್ದು ಏನಿಲ್ಲ. ಮಹಡಿ ಮೇಲೆ ಒಂದು ಕೋಣೆ, ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಹಳೇ ಆಂಪ್. ಕಿಟಕಿ ರಸ್ತೆಗೇ ತೆರೆಯುತ್ತದೆ. ನಾವು ಒಳಗೆ ಒಂದೊಂದೇ ತಂತಿ ಮೀಟುತ್ತಾ ಕೂತಿದ್ದರೆ ಹೊರಗಿಂದ ಸಿಟಿ ಬಸ್ಸಿನ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುತ್ತಿರುತ್ತಾನೆ, ಜೊತೆಗೆ ಸೀಟಿ ಬೇರೆ. ಸರ್ ಚರ್ಚಿನ ಕ್ವಾಯರ್‌ನಲ್ಲಿ ಕಲಿತವರು, ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಗಳಲ್ಲಿ ಬ್ಯಾಂಡ್ ಜೊತೆ ನುಡಿಸುವವರು. ಅದರಿಂದ ನಮಗೆ ಲಾಭವೂ ಉಂಟು, ನಷ್ಟವೂ ಉಂಟು.

ಲಾಭ ಏನು ಅಂದ್ರೆ, ಅವರಿಗೆ ತಾಳ ತಪ್ಪಿದರೆ ಆಗುವುದಿಲ್ಲ. ಸ್ವರ ತಪ್ಪಿದರೆ ಸುಮ್ಮನಿರುತ್ತಾರೆ. ‘ತಪ್ಪಾದ್ರೆ ಅಡ್ಡಿಲ್ಲ ಮಾರಾಯ್ರೆ, ಬಲಗೈ ನಿಲ್ಲಿಸ್ಬೇಡಿ’ ಅನ್ನುವುದು ಪ್ರತಿ ಕ್ಲಾಸಿನಲ್ಲೂ ಕೇಳುವ ಮಾತು. ಶುರುವಿನಲ್ಲಿ ಎಡಗೈಯಿಂದ ತಂತಿಗಳನ್ನು ಸುಮ್ನೆ ಮುಚ್ಚಿಕೊಂಡು, ಬರೀ ಬಲಗೈಯಲ್ಲಿ ಟಕ ಟಕ ಅಂತ ಹೊಡೆಸುತ್ತಾರೆ. ಫೀಸ್ ಕೊಟ್ಟು ಬಂದವರಿಗೆ ಇದು ಬೋರು. ಕೆಲವರು ಇಲ್ಲೇ ಬಿಟ್ಟು ಹೋಗುತ್ತಾರೆ. ಬಿಡದೆ ಕೂತವರಿಗೆ ಎಸಿ/ಡಿಸಿಯ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂದಾಗ ಯಾಕೆ ಅಂತ ಗೊತ್ತಾಗುತ್ತದೆ. ಅದರ ಮೂಲ ರಿಫ್‌ನಲ್ಲಿ, ಅಂದ್ರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲಿ, ಇ, ಡಿ, ಎ ಅಂತ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಯಾರು ಬೇಕಾದರೂ ಹಿಡಿಯಬಹುದು. ಆದರೆ ಹೊಡೆತ ಮತ್ತು ಹೊಡೆತದ ನಡುವೆ ತಂತಿ ಪೂರ್ತಿ ಬಾಯಿ ಮುಚ್ಚಬೇಕು, ಕಾಲು ಮಾತ್ರ ತಾಳ ಹಾಕುತ್ತಾ ಇರಬೇಕು. ಆ ಖಾಲಿ ಜಾಗ ಸರಿಯಾಗಿ ಬಿಡದಿದ್ದರೆ ಅದು ಆ ಹಾಡೇ ಅಲ್ಲ.

ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಎಲ್ಲರಿಗೂ ಬರುತ್ತದೆ, ಅಲ್ವಾ? ಒಂದೇ ತಂತಿಯಲ್ಲಿ ಸೊನ್ನೆ-ಮೂರು-ಐದನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ). ಸರ್ ಅದನ್ನು ಮೊದಲ ದಿನವೇ ಮರೆಸುತ್ತಾರೆ. ಬ್ಯಾಂಡಿನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ 1972ರ ಆ ರೆಕಾರ್ಡಿನಲ್ಲಿ ನುಡಿಸಿರುವುದು ಡಿ ಮತ್ತು ಜಿ ತಂತಿಗಳನ್ನು ಜೋಡಿಯಾಗಿ. ಅದೂ ಪಿಕ್ ಬಿಟ್ಟು ಬೆರಳಲ್ಲಿ ಎಳೆದು. ಪಿಕ್ಕಿನಲ್ಲಿ ಹೊಡೆದರೆ ಒಂದು ತಂತಿ ಮೊದಲು, ಇನ್ನೊಂದು ಕೂದಲೆಳೆಯಷ್ಟು ಹಿಂದೆ ಕೇಳುತ್ತದೆ. ಬೆರಳಲ್ಲಿ ಎಳೆದರೆ ಎರಡೂ ಒಟ್ಟಿಗೆ ಬಾಯಿ ಬಿಡುತ್ತವೆ. ಎರಡನ್ನೂ ಒಂದರ ಹಿಂದೆ ಒಂದು ನುಡಿಸಿ ತೋರಿಸಿದರು. ಇಷ್ಟು ವರ್ಷ ಕೇಳಿದ ಹಾಡು, ಈ ವ್ಯತ್ಯಾಸ ಯಾರೂ ಹೇಳಿರಲಿಲ್ಲ.

ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ ಶುರುವಿನ ಭಾಗವನ್ನೂ ಹೀಗೇ ಬಿಡಿಸಿಟ್ಟರು. ಉಂಗುರ ಬೆರಳು ಮತ್ತು ಕಿರುಬೆರಳನ್ನು ಕೆಳಗಿನ ಎರಡು ತೆಳು ತಂತಿಗಳ ಮೂರನೇ ಫ್ರೆಟ್ಟಿನಲ್ಲಿ ಊರಿಬಿಟ್ಟರೆ, ಇ ಮೈನರ್ ಸೆವೆನ್‌ನಿಂದ ಜಿಗೆ ಹೋಗುವಾಗ, ಅಲ್ಲಿಂದ ಮುಂದೆ ಹೋಗುವಾಗಲೂ ಅವೆರಡನ್ನು ಎತ್ತುವ ಕೆಲಸವೇ ಇಲ್ಲ. ಉಳಿದ ಎರಡು ಬೆರಳು ಓಡಾಡಿದರೆ ಸಾಕು. ಇಂಟರ್ನೆಟ್ಟಿನ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದ ಪಟ್ಟಿ) ನೋಡಿ ಕಲಿತರೆ ಪ್ರತಿ ಕಾರ್ಡಿಗೂ ಇಡೀ ಕೈ ಎತ್ತಿ ಇಡುತ್ತಾ ಒದ್ದಾಡುವುದೇ ಆಗುತ್ತದೆ.

ಈಗಲ್ಸ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕಲಿಸಿ ಅಂತ ಕೇಳದ ವಿದ್ಯಾರ್ಥಿಯೇ ಇಲ್ಲವಂತೆ. ಅದರ ಬಿ ಮೈನರ್ ಬ್ಯಾರೆ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ) ಕಾರ್ಡಿಗೆ ಹೆದರಿ ಗಿಟಾರನ್ನೇ ಅಟ್ಟಕ್ಕೆ ಹಾಕಿದವರು ನಮ್ಮ ಊರಿನಲ್ಲಿ ಎಷ್ಟಿದ್ದಾರೋ. ಇಲ್ಲಿ ಏಳನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿಸಿ ಇ ಮೈನರ್ ಆಕಾರದಲ್ಲಿ ಶುರು ಮಾಡಿಸುತ್ತಾರೆ. ಬ್ಯಾರೆಯ ಗೋಜೇ ಇಲ್ಲ. ಕಳ್ಳದಾರಿ ಅಂತ ಅಂದುಕೊಳ್ಳಬೇಡಿ, ಈ ಹಾಡಿನ ಗಿಟಾರಿಸ್ಟ್ ಡಾನ್ ಫೆಲ್ಡರ್ ಸ್ಟೇಜ್ ಮೇಲೆ ಎರಡು ಕತ್ತಿನ ಗಿಟಾರಿನ ಹನ್ನೆರಡು ತಂತಿಯ ಕಡೆ ನುಡಿಸುವುದೂ ಹೀಗೇ. ಆದರೆ ಕೊನೆಯ ಸೋಲೊ ಮಾತ್ರ ಕೇಳಬೇಡಿ. ‘ಮುಂದೆ ನೋಡುವ’ ಅನ್ನುತ್ತಾರೆ. ಆ ‘ಮುಂದೆ’ ಇನ್ನೂ ಬಂದಿಲ್ಲ. ಬೆಂಡಿಂಗ್, ಸ್ಕೇಲ್, ಸ್ವಂತವಾಗಿ ಸೋಲೊ ಕಟ್ಟುವುದು, ಇದೆಲ್ಲ ಇಲ್ಲಿ ಸಪ್ಪೆ. ಲೀಡ್ ಗಿಟಾರೇ ಗುರಿಯಾದವರು ಬೇರೆ ಕಡೆ ನೋಡುವುದು ಒಳ್ಳೆಯದು.

ಇನ್ನೊಂದು ಒಳ್ಳೆಯ ವಿಷಯ. ನಮ್ಮ ಕರಾವಳಿಯ ಹವೆಗೆ ಗಿಟಾರ್ ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳಿಕೊಡುತ್ತಾರೆ. ಬೆಂಗಳೂರಿನವರ ವಿಡಿಯೊದಲ್ಲಿ ಇದು ಸಿಗುವುದಿಲ್ಲ. ಜೂನ್ ಬಂತು ಅಂದ್ರೆ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತಲು ಜೀವ ಹೋಗುತ್ತದೆ. ನುಡಿಸಲು ಬರುತ್ತಿಲ್ಲ ಅಂತ ಹೊಸಬರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಸರ್ ನನ್ನ ಗಿಟಾರ್ ಕೈಗೆ ತೆಗೆದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ಕತ್ತಿನ ಉದ್ದಕ್ಕೂ ಒಮ್ಮೆ ನೋಡಿ, ದಪ್ಪ ತಂತಿ ತೆಗೆಸಿ ಹತ್ತರ ಗೇಜಿನ ತೆಳು ತಂತಿ ಹಾಕಿಸಿದರು. ನುಡಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಬೇಕು, ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಒರೆಸದಿದ್ದರೆ ಬೆವರು ಮತ್ತು ಕಡಲ ಗಾಳಿ ಸೇರಿ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ.

ಈಗ ದೂರು. ಫೀಸ್ ತಿಂಗಳಿಗೆ 1,500 ರೂಪಾಯಿ, ವಾರಕ್ಕೆ ಎರಡು ಕ್ಲಾಸ್. ಲೆಕ್ಕಕ್ಕೆ ಸರಿ. ಆದರೆ ಶನಿವಾರದ ಬ್ಯಾಚಿನಲ್ಲಿ ಜನ ಜಾಸ್ತಿ. ಎಂಟು ಗಿಟಾರ್ ಒಟ್ಟಿಗೆ ಹೊಡೆದರೆ ನಿಮ್ಮದು ಟ್ಯೂನ್ ಆಗಿದೆಯೋ ಇಲ್ಲವೋ ನಿಮಗೇ ಕೇಳುವುದಿಲ್ಲ. ಶಾಲೆ ಮಕ್ಕಳನ್ನೂ ನಮ್ಮಂಥ ನಲವತ್ತು ದಾಟಿದವರನ್ನೂ ಒಟ್ಟಿಗೆ ಕೂರಿಸುತ್ತಾರೆ. ಮಕ್ಕಳು ಬೇಗ ಕಲಿಯುತ್ತಾರೆ, ನಾವು ಅವರ ಮುಖ ನೋಡುತ್ತಾ ಕೂರಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಮದುವೆ ಸೀಸನ್. ರೋಸ್ ಬುಕಿಂಗ್ ಬಂದರೆ ಸಂಜೆಯ ಕ್ಲಾಸ್ ಹಾರಿಹೋಯಿತು ಅಂತಲೇ ಲೆಕ್ಕ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಕ್ವಾಯರ್ ಪ್ರಾಕ್ಟೀಸ್ ಬೇರೆ ಸೇರುತ್ತದೆ. ಕ್ಲಾಸ್ ಇಲ್ಲ ಅಂತ ಮೆಸೇಜ್ ಬರುವುದು ನಾವು ಗಿಟಾರ್ ಹೆಗಲಿಗೆ ಹಾಕಿ ಬಸ್ ಹತ್ತಿದ ಮೇಲೆ. ತಪ್ಪಿದ ಕ್ಲಾಸನ್ನು ಮತ್ತೆ ಮಾಡಿಕೊಡುತ್ತಾರೆ, ಆದರೆ ನಾವಾಗಿ ಎರಡು ಸಲ ನೆನಪಿಸಬೇಕು.

ಹಾಗಾಗಿ ಸೇರುವುದಾದರೆ ಜೂನ್, ಜುಲೈನಲ್ಲಿ ಸೇರಿ. ಮಳೆಗೆ ಮದುವೆ ಕಮ್ಮಿ, ಸರ್ ಊರಲ್ಲೇ ಇರುತ್ತಾರೆ. ವಾರದ ಮಧ್ಯದ ಬ್ಯಾಚ್ ಕೇಳಿ. ಡಿಸೆಂಬರ್ ಫೀಸ್ ಮಾತ್ರ ಮುಂಗಡ ಕೊಡಬೇಡಿ.