ನ್ಯಾನೊ ಕಣ ಮಾಡುವವರಿಗೆ ಆರ್‌ಎಸ್‌ಎಮ್ ಪ್ಯಾಕೇಜ್: ಒಂದು ಪ್ರಾಜೆಕ್ಟ್ ಮುಗಿಸಿದ ಮೇಲೆ

ನನ್ನದು ಎಂ.ಫಾರ್ಮ್, ಮಂಗಳೂರಿನಲ್ಲಿ. ಅರಿಶಿನದ ಕರ್ಕ್ಯುಮಿನ್ ಅನ್ನು ಪಿಎಲ್‌ಜಿಎ ಎಂಬ ಪಾಲಿಮರ್‌ನ ನ್ಯಾನೊ ಕಣದೊಳಗೆ ಹಿಡಿದಿಟ್ಟು, ನಿಧಾನಕ್ಕೆ ಹೊರಗೆ ಬಿಡುವ ಹಾಗೆ ಮಾಡುವುದು ನನ್ನ ಪ್ರಾಜೆಕ್ಟ್. ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ. ಗಂಟುನೋವಿನ ಮಾತ್ರೆ ದಿನಕ್ಕೆ ಮೂರು ಉಂಟು, ಕೈಯಲ್ಲಿ ಎಲೆ ಇದ್ದರೆ ಮಧ್ಯಾಹ್ನದ್ದು ಮರೆತೇ ಹೋಗುತ್ತದೆ. ಒಮ್ಮೆ ತೆಗೆದುಕೊಂಡರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಬಿಡುವ ಮದ್ದು ಎಂದಾಗೆಲ್ಲ ನನ್ನ ಕಣ್ಣೆದುರು ಬರುವುದು ಆ ಬೀಡಿ ಎಲೆಯ ಮೊರ.

ಪ್ರಯೋಗದ ಲೆಕ್ಕಕ್ಕೆ ಲ್ಯಾಬಿನಲ್ಲಿದ್ದ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನ ಟ್ರಯಲ್ ಮುಗಿದಾಗ ಸೀನಿಯರ್ ಅಕ್ಕ ಒಬ್ಬರು ನನ್ನ ಲ್ಯಾಪ್‌ಟಾಪಿಗೆ ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಹಾಕಿಕೊಟ್ಟರು. ಆರ್ ಪೂರ್ತಿ ಉಚಿತ, ಅದರೊಳಗೆ ಹಾಕಿಕೊಳ್ಳುವ ಆರ್‌ಎಸ್‌ಎಮ್ ಪ್ಯಾಕೇಜ್ ಕೂಡ. ಯಾವ ಯಾವ ಅಳತೆಯಲ್ಲಿ ಪ್ರಯೋಗ ಮಾಡಬೇಕೆಂಬ ಪಟ್ಟಿ ಕೊಟ್ಟು, ಬಂದ ಫಲಿತಾಂಶಕ್ಕೆ ಸಮೀಕರಣ ಹೊಂದಿಸುವುದು ಈ ಪ್ಯಾಕೇಜಿನ ಕೆಲಸ. ಕಮಾಂಡ್ ಟೈಪ್ ಮಾಡಿ ಅಭ್ಯಾಸ ಇಲ್ಲದವರಿಗೆ ಮೊದಲ ವಾರ ಕಷ್ಟವೇ. ಆಮೇಲೆ ಕೈ ಕೂರುತ್ತದೆ.

ನಾನು ಬದಲಿಸಬೇಕಿದ್ದದ್ದು ಮೂರು: ಪಿಎಲ್‌ಜಿಎ ಎಷ್ಟು, ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಿವಿಎ ಎಷ್ಟು, ಅಸಿಟೋನಿಗೆ ನೀರು ಎಷ್ಟು. ಪ್ರತಿಯೊಂದಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮಟ್ಟ ಇಟ್ಟು ಎಲ್ಲವನ್ನೂ ಮಾಡಲು ಹೋದರೆ 27 ಬ್ಯಾಚ್. ಪಿಎಲ್‌ಜಿಎ ಗ್ರಾಂ ಲೆಕ್ಕದಲ್ಲಿ ಬರುವ ದುಬಾರಿ ಸಾಮಾನು, 27 ಸಲ ಸುರಿಯಲು ಯಾರಿಂದ ಸಾಧ್ಯ? ಸಂಖ್ಯಾಶಾಸ್ತ್ರಜ್ಞರಾದ ಜಾರ್ಜ್ ಬಾಕ್ಸ್, ಡೊನಾಲ್ಡ್ ಬೆಂಕೆನ್ 1960ರಲ್ಲಿ ಕೊಟ್ಟ ವಿನ್ಯಾಸದಲ್ಲಿ 15 ಸಾಕು: 12 ಬೇರೆ ಬೇರೆ ಅಳತೆ, 3 ಸಲ ಒಂದೇ ನಡುವಿನ ಅಳತೆ. ಬಿಬಿಡಿ ಎಂಬ ಒಂದೇ ಕಮಾಂಡಿಗೆ ಪಟ್ಟಿ ಬಂದುಬಿಡುತ್ತದೆ.

ಆ ಪಟ್ಟಿಯ ಕ್ರಮ ನೋಡಿ ನನಗೆ ಮೊದಲು ಕಿರಿಕಿರಿ ಆಗಿತ್ತು. ಹೆಚ್ಚು, ಕಡಿಮೆ, ಮಧ್ಯಮ, ಪುನಃ ಹೆಚ್ಚು, ಎಲ್ಲ ಕಲಸಿಹೋಗಿತ್ತು. ಪಿಎಲ್‌ಜಿಎ ಕಡಿಮೆ ಇರುವವನ್ನೆಲ್ಲ ಮೊದಲು ಮುಗಿಸಿ ಮೇಲೆ ಹೋಗುವಾ ಎಂದಿದ್ದೆ. "ಬೇಡ, ಅದು ಹೇಳಿದ ಹಾಗೇ ಮಾಡು" ಎಂದರು ಗೈಡ್ ಮೇಡಂ. ಮೇ ಕೊನೆಗೆ ಶುರು ಮಾಡಿದ್ದೆ, ಅರ್ಧಕ್ಕೆ ಬರುವಾಗ ಮಳೆ ಹಿಡಿಯಿತು. ಲ್ಯಾಬಿನ ಸೆಕೆ ಹೋಗಿ ತಂಪಾಯಿತು, ಗೋಡೆ ಬೆವರತೊಡಗಿತು. ಪಿಎಲ್‌ಜಿಎಗೆ ತೇವ ಆಗಿಬರುವುದಿಲ್ಲ, ನೀರು ತಾಗಿದರೆ ಅದರ ಸರಪಳಿ ತುಂಡಾಗುತ್ತದೆ. ಫ್ರೀಜರಿನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯದೆ ಕಾಯುತ್ತಿದ್ದೆ, ಆದರೂ ಮಳೆಗಾಲ ಮಳೆಗಾಲವೇ. ನನ್ನ ಕ್ರಮದಲ್ಲೇ ಮಾಡಿದ್ದರೆ ಪಿಎಲ್‌ಜಿಎ ಹೆಚ್ಚಿರುವ ಬ್ಯಾಚುಗಳೆಲ್ಲ ಜಡಿಮಳೆಯ ದಿನಗಳಿಗೇ ಬೀಳುತ್ತಿದ್ದವು. ಕಣದ ಗಾತ್ರ ಬದಲಾದದ್ದು ಪಾಲಿಮರ್‌ನಿಂದಲೋ ಮಳೆಯಿಂದಲೋ ಎಂದು ಯಾವ ಲೆಕ್ಕವೂ ಹೇಳುತ್ತಿರಲಿಲ್ಲ. ಈ ಪ್ಯಾಕೇಜ್ ತಾನಾಗಿಯೇ ಕ್ರಮ ಕಲಸಿ ಕೊಡುತ್ತದೆ. ನನಗೆ ಅದರ ಅತಿ ದೊಡ್ಡ ಉಪಕಾರ ಇದೇ.

ನಡುವಿನ ಅಳತೆಯನ್ನು ಮೂರು ಸಲ ಮಾಡುವುದನ್ನು ದಯವಿಟ್ಟು ಬಿಡಬೇಡಿ. ಪಿಎಲ್‌ಜಿಎ, ಕರ್ಕ್ಯುಮಿನ್ ಕರಗಿಸಿದ ಅಸಿಟೋನಿನ ಹಳದಿ ದ್ರಾವಣವನ್ನು ತಿರುಗುತ್ತಿರುವ ಪಿವಿಎ ನೀರಿಗೆ ಹನಿ ಹನಿಯಾಗಿ ಬಿಡುವಾಗ ಅದು ನೀರುಮಜ್ಜಿಗೆಯಂತೆ ಮಬ್ಬಾಗುತ್ತದೆ. ಅದೇ ಅಳತೆ, ಅದೇ ಸಿರಿಂಜು, ಆದರೂ ಮೂರು ದಿನ ಮೂರು ಗಾತ್ರ. ಆ ವ್ಯತ್ಯಾಸವೇ ನಮ್ಮ ಕೈಯ ತಪ್ಪಿನ ಅಳತೆಗೋಲು. ಪ್ಯಾಕೇಜ್ ಕೊನೆಗೆ ಕೊಡುವ ಸಮ್ಮರಿಯಲ್ಲಿ ಬರುವ 'ಲ್ಯಾಕ್ ಆಫ್ ಫಿಟ್' ಪರೀಕ್ಷೆ ಅದನ್ನೇ ಹಿಡಿದುಕೊಂಡು ನಮ್ಮ ಸಮೀಕರಣ ನಂಬಬಹುದೇ ಎಂದು ನೋಡುವುದು.

ಎರಡು ಅಳತೆ ಒಟ್ಟಿಗೆ ಬದಲಾದಾಗ ಕಣದ ಗಾತ್ರ ಹೇಗೆ ಏರಿಳಿಯುತ್ತದೆಂದು ನಕ್ಷೆಯ ಹಾಗೆ ತೋರಿಸುವ ಕಾಂಟೂರ್ ಚಿತ್ರ ತೆಗೆದ ದಿನ ನಾನು ಊಟಕ್ಕೇ ಹೋಗಲಿಲ್ಲ. ಪಿವಿಎ ಕಡಿಮೆ ಇದ್ದಲ್ಲಿ ಪಿಎಲ್‌ಜಿಎ ಏರಿಸಿದರೆ ಕಣ ದಪ್ಪಗಾಗುತ್ತದೆ, ಪಿವಿಎ ಸಾಕಷ್ಟು ಇದ್ದಲ್ಲಿ ಅಷ್ಟಾಗಿ ಇಲ್ಲ. ಒಂದೊಂದನ್ನೇ ಬದಲಿಸುತ್ತಾ ಹೋಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಗಾತ್ರಕ್ಕೆ ಇಷ್ಟು ಬೆಲೆ ಯಾಕೆಂದರೆ, ಕಣ ಸಣ್ಣದಾದಷ್ಟು ಒಟ್ಟು ಮೈ ಹೆಚ್ಚು. ಮೈಗೆ ಅಂಟಿದ ಮದ್ದು ಮೊದಲ ಗಂಟೆಗಳಲ್ಲೇ ಭರ್ರನೆ ಹೊರಗೆ ಬರುತ್ತದೆ. ನಮಗೆ ತಡೆಯಬೇಕಾದದ್ದು ಅದನ್ನೇ.

ಕೊರತೆ ಇಲ್ಲವೆಂದಲ್ಲ. ಇದು ಒಂದು ಸಲಕ್ಕೆ ಒಂದೇ ಫಲಿತಾಂಶ ನೋಡುತ್ತದೆ. ಕಣವೂ ಬೇಕಾದ ಗಾತ್ರದ್ದಿರಬೇಕು, ಒಳಗೆ ಮದ್ದೂ ಹೆಚ್ಚು ಹಿಡಿಯಬೇಕು ಎಂದರೆ ಡಿಸೈರಬಿಲಿಟಿ ಎಂಬ ಇನ್ನೊಂದು ಪ್ಯಾಕೇಜ್ ಬೇಕು. ಮತ್ತೆ, ಬಾಕ್ಸ್–ಬೆಂಕೆನ್‌ನಲ್ಲಿ ಮೂರೂ ಒಟ್ಟಿಗೆ ತುದಿ ಮುಟ್ಟುವ ಬ್ಯಾಚೇ ಇಲ್ಲ. ಹಾಗಾಗಿ ಆ ಮೂಲೆಗಳ ಬಗ್ಗೆ ಅದು ಕೊಡುವ ಅಂದಾಜನ್ನು ಮಾಡಿ ನೋಡದೆ ನಂಬಬೇಡಿ.

ಹೊತ್ತು ಕಳೆದ ಹಾಗೆ ಎಷ್ಟು ಮದ್ದು ಹೊರಗೆ ಬಂತೆಂದು ತೋರಿಸುವ ಬಿಡುಗಡೆಯ ಗೆರೆಗೆ, ಮದ್ದು ಹೊರಬರುವ ರೀತಿಯನ್ನು ಹೇಳುವ ಕೊರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣ ಹೊಂದಿಸಲು ಆರ್‌ನಲ್ಲೇ ಇರುವ ಎನ್‌ಎಲ್‌ಎಸ್ ಎಂಬ ಕಮಾಂಡ್ ಸಾಕು. ಅದನ್ನು ಮೊದಲ 60 ಶೇಕಡಾ ಬಿಡುಗಡೆಯ ತನಕ ಮಾತ್ರ ಹಾಕಬೇಕು. ನಾನು ಇಡೀ ಗೆರೆಗೆ ಹಾಕಿ ಒಂದು ವಾರ ಕಳೆದುಕೊಂಡೆ. ಇನ್ನೂ ಒಂದು: ಬಿಡುಗಡೆ ನೋಡಲು ಬಳಸುವ 7.4 ಪಿಎಚ್ ಬಫರ್ ದ್ರಾವಣದಲ್ಲಿ ಕರ್ಕ್ಯುಮಿನ್ ಬೇಗ ಹಾಳಾಗುತ್ತದೆ. ಕಣಗಳನ್ನು ತುಂಬಿ ಬಫರಿನಲ್ಲಿ ಇಳಿಬಿಟ್ಟ ಡಯಾಲಿಸಿಸ್ ಚೀಲದ ಹಳದಿ ಇಳಿಯಿತೆಂದು ನಾನು ಖುಷಿಪಟ್ಟಾಗ ಮೇಡಂ ಕೇಳಿದ್ದು, "ಮದ್ದು ಹೊರಗೆ ಬಂತಾ, ಅಲ್ಲ ಹಾಳಾಯಿತಾ?" ಖಾಲಿ ಬಫರಿಗೆ ಬರೀ ಕರ್ಕ್ಯುಮಿನ್ ಹಾಕಿ ಪಕ್ಕದಲ್ಲಿ ಇಟ್ಟ ಮೇಲೆಯೇ ನನ್ನ ಅಂಕಿಗಳಿಗೆ ಅರ್ಥ ಬಂದದ್ದು.

ಈಗ ಜೂನಿಯರ್ ಒಬ್ಬಳು ಲ್ಯಾಕ್ಟೈಡ್, ಗ್ಲೈಕೊಲೈಡ್ 75:25ರ ಪಾಲಿನಲ್ಲಿರುವ ಪಿಎಲ್‌ಜಿಎ ಹಿಡಿದು ಶುರು ಮಾಡುತ್ತಿದ್ದಾಳೆ, 50:50ಕ್ಕಿಂತ ಅದು ನಿಧಾನಕ್ಕೆ ಕರಗುವುದು. ಅವಳ 15 ಬ್ಯಾಚಿನ ಪಟ್ಟಿಯನ್ನು, ಕಲಸಿದ ಕ್ರಮದಲ್ಲೇ, ಪ್ರಿಂಟ್ ತೆಗೆದು ಫ್ರೀಜರಿನ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ.