ಹೊಸ ಕಾರಿನ ಡೆಲಿವರಿ ತಗೊಳ್ಳುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ, ಸ್ಟೆಪ್ನಿ ಇದೆಯಾ ಅಂತ

ಹೊಸ ಕಾರು ಬುಕ್ ಮಾಡಿರೋರು, ಅದರಲ್ಲೂ ಸಿಎನ್‌ಜಿ ಕಾರು ಬುಕ್ ಮಾಡಿರೋರು ದಯವಿಟ್ಟು ಪೂರ್ತಿ ಓದಿ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲದೇ ಇರಬಹುದು. ಸ್ಟೆಪ್ನಿ ಮಾತ್ರ ಅಲ್ಲ, ಜಾಕ್ ಇಲ್ಲ, ವೀಲ್ ಸ್ಪ್ಯಾನರ್ ಇಲ್ಲ. ಅದರ ಬದಲು ಒಂದು ಸಣ್ಣ ಚೀಲದಲ್ಲಿ ಗಾಳಿ ತುಂಬುವ ಮೆಷಿನ್ನು, ಟೈರಿನ ತೂತು ಮುಚ್ಚುವ ಒಂದು ಬಾಟಲಿ ದ್ರವ. ಇದಕ್ಕೇ ಪಂಕ್ಚರ್ ಕಿಟ್ ಅನ್ನೋದು. ಷೋರೂಮಿನವರು ಇದನ್ನು ತಾವಾಗಿ ಹೇಳಲ್ಲ. ನನಗೆ ಹೇಳಲಿಲ್ಲ. ಹೇಳಲಿಲ್ಲ ಅನ್ನೋದಷ್ಟೇ ಆಗಿದ್ದರೆ ಕೂತು ಇಷ್ಟು ಬರೀತಿರಲಿಲ್ಲ. ನಾನು ಬಾಯಿಬಿಟ್ಟು ಕೇಳಿದ್ದೆ. ಕೇಳಿದಾಗ "ಇದೆ ಸಾರ್" ಅಂದಿದ್ದರು.

ಟೆಸ್ಟ್ ಡ್ರೈವ್‌ಗೆ ಕೊಟ್ಟಿದ್ದು ಪೆಟ್ರೋಲ್ ಗಾಡಿ. "ಸಿಎನ್‌ಜಿದು ಡೆಮೊ ಗಾಡಿ ಬಂದಿಲ್ಲ ಸಾರ್, ಎರಡೂ ಒಂದೇ, ಗ್ಯಾಸ್ ಒಂದು ಎಕ್ಸ್‌ಟ್ರಾ ಅಷ್ಟೇ" ಅಂದ ಸೇಲ್ಸ್ ಹುಡುಗ. ಹಳೇ ಸಿಎನ್‌ಜಿ ಕಾರುಗಳಲ್ಲಿ ಒಂದು ದೊಡ್ಡ ಸಿಲಿಂಡರ್ ಡಿಕ್ಕಿನೆಲ್ಲಾ ತಿಂದುಬಿಡ್ತಿತ್ತು, ಅದಕ್ಕೇ ನಾನು ಸ್ಟೆಪ್ನಿ ಎಲ್ಲಿಡ್ತೀರಿ ಅಂತ ಕೇಳಿದೆ. ಅವನು ಆ ಪೆಟ್ರೋಲ್ ಗಾಡಿಯ ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಕೈಯಿಂದ ತಟ್ಟಿ ತೋರಿಸಿದ. "ನೋಡಿ ಸಾರ್, ಕೆಳಗಿದೆ. ಈಗೆಲ್ಲ ಸಿಲಿಂಡರ್ ಎರಡು, ಸಣ್ಣ ಸಣ್ಣದು. ಜಾಗ ಫುಲ್ ಉಳಿಯುತ್ತೆ." ಆ ಸಣ್ಣ ಸಿಲಿಂಡರ್‌ಗಳು ಕೂರೋದು ಸ್ಟೆಪ್ನಿ ಇರಬೇಕಾದ ಅದೇ ಗುಂಡಿಯಲ್ಲಿ. ತೋರಿಸಿದ್ದು ಒಂದು ಕಾರು, ಮಾರಿದ್ದು ಇನ್ನೊಂದು ಕಾರು.

ಡೆಲಿವರಿ ದಿನ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಪೂಜೆ, ಚಕ್ರದ ಕೆಳಗೆ ನಿಂಬೆಹಣ್ಣು, ದೊಡ್ಡ ರಟ್ಟಿನ ಕೀ ಹಿಡಿಸಿ ಫೋಟೊ. ಡಿಕ್ಕಿ ತುಂಬ ಫ್ಲೋರ್ ಮ್ಯಾಟಿನ ಡಬ್ಬ, ಮಡ್ ಫ್ಲಾಪ್, ಕಾರ್ ಕವರ್, ಸ್ವೀಟ್ ಬಾಕ್ಸ್. ನಾನು ಅವನ್ನು ಸರಿಸೋಕೆ ಕೈ ಹಾಕಿದಾಗ ಅದೇ ಹುಡುಗ, "ಸ್ಟೆಪ್ನಿ, ಟೂಲ್ಸ್ ಎಲ್ಲಾ ಕೆಳಗಿದೆ ಸಾರ್. ರಾಹುಕಾಲ ಶುರುವಾಗುತ್ತೆ, ಮೊದಲು ಗಾಡಿ ಹೊರಗೆ ತೆಗೀರಿ" ಅಂದ. ಈ ಮಾತು ಒಂದಕ್ಷರ ಬಿಡದ ಹಾಗೆ ನೆನಪಿದೆ. ಸ್ಟೆಪ್ನಿ, ಟೂಲ್ಸ್ ಎಲ್ಲಾ ಕೆಳಗಿದೆ ಸಾರ್.

ನಾವು ತಿಪಟೂರಿನ ಕಡೆಯವರು. ಮಗನ ಮುಡಿ ಕೊಡೋಕೆ ಧರ್ಮಸ್ಥಳಕ್ಕೆ ಹೊರಟೆವು. ಅರಸೀಕೆರೆ, ಬೇಲೂರು, ಮೂಡಿಗೆರೆ, ಆಮೇಲೆ ಚಾರ್ಮಾಡಿ ಘಾಟಿ. ಹೆಂಡತಿ, ಮಗು, ಅತ್ತೆ, ಮಾವ. ಈ ಕಾರಿಗೆ ಅರ್ಧ ದುಡ್ಡು ಹೊಂದಿಸಿಕೊಟ್ಟವರು ಮಾವ, ಅದನ್ನೂ ಹೇಳಿಬಿಡ್ತೀನಿ. ಕೊಟ್ಟಿಗೆಹಾರ ದಾಟಿದ ಮೇಲೆ ಮಳೆ, ಮಂಜು. ಒಂದು ತಿರುವಿನಲ್ಲಿ ಎದುರಿಂದ ಬಸ್ ಬಂತು, ಎಡಕ್ಕೆ ಸೈಡ್ ಕೊಟ್ಟೆ. ರಸ್ತೆ ಅಂಚಿನಲ್ಲಿ ಕಿತ್ತುಹೋದ ಕಲ್ಲು ಟೈರಿನ ಪಕ್ಕವನ್ನು ಸೀಳಿಹಾಕಿತು. ಟೈರಿನ ಗಾಳಿ ಕಮ್ಮಿ ಅಂತ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವಷ್ಟರಲ್ಲಿ ಗಾಡಿ ರಿಮ್ ಮೇಲೆ ಕೂತಿತ್ತು. ಹೆಬ್ಬೆರಳು ತೂರುವಷ್ಟು ಸೀಳು.

ಮಾವ ಇಳಿದು ಬಂದು, "ಸ್ಟೆಪ್ನಿ ತೆಗೀರಿ, ನಾನೂ ಕೈ ಹಾಕ್ತೀನಿ" ಅಂದರು. ಬ್ಯಾಗ್‌ಗಳನ್ನೆಲ್ಲಾ ಮಳೆಯಲ್ಲೇ ಕೆಳಗಿಳಿಸಿ ಮ್ಯಾಟ್ ಎತ್ತಿದೆ. ಎರಡು ಸಿಲಿಂಡರ್. ಪಕ್ಕದಲ್ಲಿ ಚೀಲ. ಚಕ್ರ ಇಲ್ಲ. ಗಾಡಿ ಅಡಿಯಲ್ಲಿ ನೇತುಹಾಕಿರಬಹುದು ಅಂತ ಕೆಸರಲ್ಲಿ ಮಲಗಿ ನೋಡಿದೆ. ಅಲ್ಲೂ ಇಲ್ಲ. ಮಾವ ಕೊಡೆ ಹಿಡಿದು ನಿಂತೇ ಇದ್ದರು. "ಇಷ್ಟು ದುಡ್ಡು ಕೊಟ್ಟು ಒಂದು ಚಕ್ರ ಕೊಡಲಿಲ್ವಾ ಅವರು?" ಅಂತ ಕೇಳಿದರು. ನನಗೆ ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಇದನ್ನು ಬರೆಯುವಾಗಲೂ ಮೈ ಉರಿಯುತ್ತೆ. ಕೇಳಿದ್ದೆನಲ್ಲ! ಎರಡು ಸಲ "ಇದೆ" ಅಂದಿದ್ದರಲ್ಲ!

ಬಾಟಲಿಯ ದ್ರವವನ್ನು ಟೈರಿಗೆ ಬಿಟ್ಟು ಮೆಷಿನ್ನು ಓಡಿಸಿದೆ. ಒಳಗೆ ಹೋದದ್ದೆಲ್ಲಾ ಸೀಳಿನಿಂದ ಬಿಳಿ ನೊರೆಯಾಗಿ ರಸ್ತೆಗೆ ಬಂತು. ಚೀಲದಲ್ಲಿದ್ದ ಕಾಗದದಲ್ಲಿ ಸಣ್ಣಕ್ಷರದಲ್ಲಿ ಇದೆ: ನೆಲಕ್ಕೆ ತಾಗುವ ಭಾಗದಲ್ಲಿ ಸುಮಾರು 4 ಮಿ.ಮೀ. ಒಳಗಿನ ತೂತಿಗೆ ಮಾತ್ರ, ಟೈರಿನ ಪಕ್ಕ ಹರಿದರೆ ಬಳಸಬೇಡಿ, ಬಳಸಿದ ಮೇಲೆ ಗಂಟೆಗೆ 80 ಕಿ.ಮೀ. ಮೀರಬೇಡಿ, ಆದಷ್ಟು ಬೇಗ ಟೈರ್ ರಿಪೇರಿ ಮಾಡಿಸಿ. ಮೊಳೆ ಚುಚ್ಚಿದ್ದಕ್ಕಾದರೆ ಸರಿ. ನಮ್ಮ ರಸ್ತೆಗಳಲ್ಲಿ ಮೊಳೆ ಒಂದೇನಾ? ಗುಂಡಿ ಅಂಚಿಗೆ ಹೊಡೆದು ಪಕ್ಕ ಉಬ್ಬುತ್ತೆ, ಕಲ್ಲಿಗೆ ತಾಗಿ ಹರಿಯುತ್ತೆ, ರಿಮ್ ಬೆಂಡಾಗುತ್ತೆ. ಇದರಲ್ಲಿ ಯಾವುದಕ್ಕೂ ಆ ಬಾಟಲಿ ಆಗಲ್ಲ.

ಒಬ್ಬ ಜೀಪಿನ ಹುಡುಗ ನಿಲ್ಲಿಸಿದ. "ಪಕ್ಕ ಒಡೆದದ್ದಕ್ಕೆ ಎಂತ ಹಾಕಿದ್ರೂ ನಿಲ್ಲುದಿಲ್ಲ ಅಣ್ಣ" ಅಂದ. ತನ್ನ ಜಾಕ್ ಕೊಡ್ತೀನಿ ಅಂದ, ತನ್ನ ಸ್ಟೆಪ್ನಿಯನ್ನೇ ತೆಗೆದು ಹಿಡಿದು ನೋಡಿದ. ಬೋಲ್ಟಿನ ತೂತು ಕೂಡಲಿಲ್ಲ. ಗುರುತಿಲ್ಲದ ಆ ಹುಡುಗ ಅತ್ತೆ, ಹೆಂಡತಿ, ಮಗುವನ್ನು ವಾಪಸ್ ಕೊಟ್ಟಿಗೆಹಾರದ ಹೋಟೆಲಿಗೆ ಬಿಟ್ಟು, ನನ್ನನ್ನು ಫೋನ್ ಸಿಗ್ನಲ್ ಸಿಗುವ ಜಾಗಕ್ಕೆ ಕರ್ಕೊಂಡು ಹೋದ. ಘಾಟಿಯೊಳಗೆ ಸಿಗ್ನಲ್ ಇಲ್ಲ. ರೋಡ್‌ಸೈಡ್ ಅಸಿಸ್ಟೆನ್ಸ್‌ನವರಿಗೆ ಫೋನ್ ಹಚ್ಚಿದರೆ "ಲೊಕೇಷನ್ ಶೇರ್ ಮಾಡಿ ಸಾರ್". ಗಾಡಿ ನಿಂತ ಕಡೆ ನೆಟ್ ಇಲ್ಲ ಅಂದರೆ "ಹಾಗಾದ್ರೆ ಗಾಡಿ ಹತ್ತಿರ ಹೋಗಿ ಶೇರ್ ಮಾಡಿ ಸಾರ್". ಕಾರು ಹೊತ್ತೊಯ್ಯೋ ಲಾರಿ ಬಂದಿದ್ದು ಕತ್ತಲಾದ ಮೇಲೆ. ಫ್ರೀ ಕಿಲೋಮೀಟರ್ ಮುಗಿದ ಮೇಲಿನದಕ್ಕೆ ದುಡ್ಡು ಬೇರೆ. ಉಜಿರೆಯಲ್ಲಿ ಟೈರ್ ಅಂಗಡಿಯವರು ರಿಮ್ಮಿನೊಳಗೆ ಅಂಟಿದ ಆ ಬಿಳಿ ಮೇಣ ಒರೆಸಿ ಒರೆಸಿ ನನ್ನನ್ನೇ ಬೈದರು.

ಈಗ ಷೋರೂಮಿನವರ ಉತ್ತರಗಳನ್ನು ಕೇಳಿ. ಮೊದಲು ಸೇಲ್ಸ್ ಹುಡುಗ: "ಗವರ್ನಮೆಂಟ್ ರೂಲ್ ಸಾರ್, ಈಗ ಸ್ಟೆಪ್ನಿ ಕೊಡಂಗಿಲ್ಲ." ಇದು ಹಸಿ ಸುಳ್ಳು. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದದ್ದು ನಿಜ. ಟ್ಯೂಬ್‌ಲೆಸ್ ಟೈರ್ ಇದ್ದು, ರಿಪೇರಿ ಕಿಟ್ ಮತ್ತು ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಕೊಟ್ಟಿದ್ದರೆ 3.5 ಟನ್ ಒಳಗಿನ ಪ್ಯಾಸೆಂಜರ್ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ. ಕಡ್ಡಾಯ ಅಲ್ಲ ಅಂದಿದ್ದಾರೆ, ಕೊಡಬೇಡಿ ಅಂದಿಲ್ಲ. ಅದೇ ಷೋರೂಮಿನ ಪೆಟ್ರೋಲ್ ಗಾಡಿಯಲ್ಲಿ ಸ್ಟೆಪ್ನಿ ಇದೆಯಲ್ಲ ಅಂದೆ. ಫೋನ್ ಇಟ್ಟ.

ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಕಳಿಸಿದ್ದು: "ಬ್ರೋಷರ್‌ನಲ್ಲಿ ಕ್ಲಿಯರ್ ಆಗಿ ಮೆನ್ಷನ್ ಆಗಿದೆ ಸರ್, ಕಸ್ಟಮರ್ ಸೈನ್ ಕೂಡ ಇದೆ." ಬ್ರೋಷರ್‌ನ ಕೊನೇ ಪುಟದ ಪಟ್ಟಿಯಲ್ಲಿ ಪಂಕ್ಚರ್ ಕಿಟ್ ಎದುರು ಒಂದು ಟಿಕ್ ಇದೆ, ಅದೇ ಅವರ ಕ್ಲಿಯರ್. ಕಿಟ್ ಇದೆ ಅಂತ ಬರೆದರೆ ಚಕ್ರ ಇಲ್ಲ ಅಂತ ಯಾರು ಅರ್ಥ ಮಾಡ್ಕೋತಾರೆ? ಆಮೇಲೆ "ಸಿಟಿ ಡ್ರೈವಿಂಗ್‌ಗೆ ಸ್ಟೆಪ್ನಿ ಅವಶ್ಯಕತೆ ಇರಲ್ಲ ಸರ್, ವೇಟ್ ಕಮ್ಮಿ ಆದ್ರೆ ಮೈಲೇಜ್ ಬರುತ್ತೆ." ಒಂದು ಚಕ್ರ ಬಿಟ್ಟರೆ ಎಷ್ಟು ಗ್ಯಾಸ್ ಉಳಿದೀತು? ದಿನಾ ಆಫೀಸಿಗೆ ಓಡಿಸೋ ಕಾರಲ್ಲೇ ತಾನೇ ನಾವು ಹಬ್ಬಕ್ಕೆ ಊರಿಗೆ ಹೋಗೋದು, ಹರಕೆ ತೀರಿಸೋಕೆ ಹೋಗೋದು? ಸಿಟಿಗೊಂದು, ಘಾಟಿಗೊಂದು ಕಾರು ಯಾರ ಹತ್ತಿರ ಇದೆ?

ಇನ್ಶೂರೆನ್ಸ್‌ನಲ್ಲಿ ಟೈರ್ ಹಾಕಿಸಿಕೊಡಿ ಅಂದೆ. ಅದೂ ಆಗಲ್ಲ. ಮಾಮೂಲಿ ಪಾಲಿಸಿಯಲ್ಲಿ ಟೈರ್ ಒಂದೇ ಹಾಳಾದರೆ ಕ್ಲೇಮ್ ಇಲ್ಲ, ಅದೇ ಏಟಿಗೆ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ, ಆಗಲೂ ಟೈರಿನ ಬೆಲೆಯ ಅರ್ಧ. ಟೈರ್ ಕವರ್ ಬೇಕಿದ್ದರೆ ಅದಕ್ಕೆ ಬೇರೆ ಆ್ಯಡ್-ಆನ್ ತಗೋಬೇಕು. ಅದನ್ನೂ ಪಾಲಿಸಿ ಮಾಡಿಸುವಾಗ ಇದೇ ಜನ ಹೇಳಲಿಲ್ಲ.

ಕೊನೆಗೆ ಅವರು ದೊಡ್ಡ ಮನಸ್ಸು ಮಾಡಿ ಹೇಳಿದ್ದು: "ಸ್ಟೀಲ್ ರಿಮ್, ಟೈರ್, ಜಾಕ್ ಸೇರಿಸಿ ಹನ್ನೊಂದೂವರೆ ಸಾವಿರಕ್ಕೆ ಮಾಡಿಕೊಡ್ತೀವಿ ಸರ್." ಹೋಗಿ ನೋಡಿದರೆ ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 1119. ಅಂದರೆ 2019ರ 11ನೇ ವಾರದಲ್ಲಿ ತಯಾರಾದ ಟೈರ್. ಗೋಡೌನ್‌ನಲ್ಲಿ ವರ್ಷಗಟ್ಟಲೆ ಬಿದ್ದು ರಬ್ಬರ್ ಗಡುಸಾದದ್ದನ್ನು ಹೊಸದು ಅಂತ ನನಗೆ ಕಟ್ಟೋಕೆ ನೋಡಿದರು. ಇದನ್ನು ತೋರಿಸಿದಾಗ ಕೌಂಟರಿನವನು, "ಸ್ಟೆಪ್ನಿಗೆ ತಾನೇ ಸಾರ್, ಸುಮ್ನೆ ಇರುತ್ತೆ" ಅಂದ. ಇವನಿಗೆ ಏನು ಹೇಳಬೇಕು? ಘಾಟಿಯಲ್ಲಿ ನಿಂತವರ ಜೀವ ಇರೋದೇ ಆ ಸ್ಟೆಪ್ನಿ ಮೇಲೆ.

ನಿಮಗೆ ಹೇಳೋದಿಷ್ಟು. ಡೆಮೊ ಗಾಡಿಯ ಡಿಕ್ಕಿ ನೋಡಬೇಡಿ, ನಿಮ್ಮ ಚಾಸಿಸ್ ನಂಬರಿನ ಗಾಡಿಯದ್ದೇ ನೋಡಿ, ಅದೂ ಪೂರ್ತಿ ದುಡ್ಡು ಕಟ್ಟುವ ಮೊದಲು. ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಅಂತ ಕೊಟೇಷನ್ನಿನಲ್ಲಿ ಪೆನ್ನಲ್ಲಿ ಬರೆಸಿ ಸೀಲ್ ಹಾಕಿಸಿ. ಬಾಯಿಮಾತು ಬೇಡವೇ ಬೇಡ. ರಾಹುಕಾಲ ಅಂದರೆ ಆ ಹೊತ್ತು ಕಳೆದ ಮೇಲೇ ಗಾಡಿ ತೆಗೀರಿ. ಸ್ಟೆಪ್ನಿ ಇಲ್ಲದ ಗಾಡಿ ಈಗಾಗಲೇ ತಗೊಂಡಿದ್ದರೆ, ದೂರ ಹೋಗುವಾಗ ಸರಿಯಾದ ಅಳತೆಯ ಒಂದು ಚಕ್ರ, ಜಾಕ್ ಹಿಂದಿನ ಸೀಟಿನಲ್ಲಿ ಹಾಕ್ಕೊಂಡಾದರೂ ಹೋಗಿ, ಲಗೇಜ್ ಬಿಟ್ಟರೂ ಪರವಾಗಿಲ್ಲ. ಆ ಬಾಟಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ನೋಡಿಕೊಳ್ಳಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ದೂರು ಹೋದ ಮೇಲೆ ಮ್ಯಾನೇಜರ್ ತಾನೇ ಫೋನ್ ಮಾಡಿ, "ಕಂಪ್ಲೇಂಟ್ ವಾಪಸ್ ತಗೊಳ್ಳಿ ಸರ್, ಫಸ್ಟ್ ಸರ್ವೀಸ್‌ನಲ್ಲಿ ವಾಟರ್ ವಾಷ್ ಫ್ರೀ ಮಾಡಿಕೊಡ್ತೀವಿ" ಅಂದ. ತಗೊಳ್ಳಲ್ಲ ಅಂದೆ. ಈ ವರ್ಷ ತಯಾರಾದ ಟೈರ್ ಹಾಕಿದ ಒಂದು ಚಕ್ರ, ಒಂದು ಜಾಕ್, ಲಾರಿಗೆ ಕೊಟ್ಟ ದುಡ್ಡು, ಈ ಮೂರು ಬರೋ ತನಕ ತಗೊಳ್ಳಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾದರೆ ಹೋಗ್ತೀನಿ, ವಾಟ್ಸಾಪ್ ಮೆಸೇಜ್ ಎಲ್ಲಾ ಪ್ರಿಂಟ್ ತೆಗೆಸಿ ಇಟ್ಟಿದ್ದೀನಿ. ಇದೇ ಥರ ಸ್ಟೆಪ್ನಿ ಇದೆ ಅಂತ ಹೇಳಿಸಿಕೊಂಡು ಗಾಡಿ ತಗೊಂಡವರು ಇದ್ದರೆ ನೀವೂ ದೂರು ಕೊಡಿ.