ಎರಡು ಬೆಳೆಗಾಲ ಬಳಸಿದ ಹೈಡ್ ಟೆಂಟ್: ಕಿಟಕಿಗೆ ವೆಲ್ಕ್ರೋ ಯಾಕೆ ಹಚ್ಚಿದರು?

ಉದ್ದ, ಅಗಲ, ತೂಕ ಎಲ್ಲ ಮಾರುವವರ ಪುಟದಲ್ಲೇ ಇದೆ, ಬಿಡಿ. ಒಬ್ಬರೇ ಕೂರುವ, ಮಡಚುವ ಕುರ್ಚಿಗೇ ಹೊಲಿದ ಹೈಡ್ ಇದು, ಅಂದರೆ ಹಕ್ಕಿಗೆ ಕಾಣದಂತೆ ಅಡಗಿ ಕೂತು ಫೋಟೋ ತೆಗೆಯುವ ಗೂಡಾರ. ನಾಲ್ಕು ಸಾವಿರದೊಳಗೆ ಬಂತು. ನನ್ನದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ನನ್ನ ಕೈಗೆ ಎಟುಕುವುದಿಲ್ಲ. ಹಕ್ಕಿಯೇ ಹತ್ತಿರ ಬರಲಿ ಎಂದು ಇದನ್ನು ತರಿಸಿದೆ. ಬಳಸಿದ್ದೆಲ್ಲ ಗಂಗಾವತಿ ಸುತ್ತಲಿನ ಗದ್ದೆಗಳಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ.

ಕತ್ತಲಿರುವಾಗಲೇ ಬದುವಿನ ಮೇಲೆ ಬಿಚ್ಚಬೇಕು. ಸೂರ್ಯ ಬೆನ್ನಿಗೆ ಬರುವಂತೆ ಕುರ್ಚಿ ತಿರುಗಿಸಿ, ಗೂಟ ಹೊಡೆದು, ಲೆನ್ಸ್ ಹೊರಗಿಟ್ಟು, ಫ್ಲಾಸ್ಕಿನ ಚಹಾ ಕುಡಿಯುತ್ತಾ ಸುಮ್ಮನೆ ಕೂತರಾಯಿತು. ಮೊದಲು ಬೆಳ್ಳಕ್ಕಿ ಬರುತ್ತವೆ. ಅವು ನಿಂತದ್ದು ಕಂಡ ಮೇಲೆ ಬಾಯ್ಕಳಕ ಕೊಕ್ಕರೆ ಇಳಿಯುತ್ತವೆ. ನಾಟಿಗೆ ಕೆಸರು ಮಾಡಿದ ಗದ್ದೆ ಎಂದರೆ ಅವಕ್ಕೆ ಹಬ್ಬ. ಮುಚ್ಚಿದರೂ ಕೊಕ್ಕಿನ ನಡುವೆ ಉಳಿಯುವ ಸಂದಿ ಬಸವನಹುಳುವಿನ ಚಿಪ್ಪು ಒಡೆಯಲಿಕ್ಕೆ ಎಂದುಕೊಳ್ಳುವುದುಂಟು, ಹಾಗಲ್ಲ ಎಂಬುದು ಹತ್ತಿರ ಕೂತಾಗಲೇ ಮನದಟ್ಟಾಗುವುದು. ಬಸವನಹುಳುವನ್ನು ನೆಲಕ್ಕೊತ್ತಿ, ಕೆಳಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ ಮಾಂಸ ಎಳೆದುಕೊಳ್ಳುತ್ತದೆ. ಚಿಪ್ಪು ಬಹುಪಾಲು ಹಾಗೇ ಉಳಿಯುತ್ತದೆ. ಬದುವಿನ ಮೇಲೆ ನಡೆದು ಹೋಗಿ ಇದರ ಫೋಟೋ ತೆಗೆಯಲು ಆಗುವುದೇ ಇಲ್ಲ, ಬೆನ್ನಷ್ಟೇ ಸಿಗುತ್ತದೆ. ಹೈಡ್ ಒಳಗೆ ಕೂತವನಿಗೆ ಕೊಕ್ಕಿನ ತುದಿಯ ನೀರಹನಿಯೂ ಕಾಣುತ್ತದೆ. ಕೊಟ್ಟ ದುಡ್ಡು ಅಲ್ಲಿಗೇ ವಸೂಲಿ ಎನಿಸಿತ್ತು.

ಕಾಲುವೆಯ ಕಡೆ ಹೊರಳಿದಾಗ ಬೇಜಾರು ಶುರುವಾಯಿತು. ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆ ಅಲುಗಿಸದೆ ಕೆಳಗೆ ನೋಡಿ, ನೇರ ಧುಮುಕುತ್ತದೆ. ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ನಿಧಾನವಾದರೆ ಫೋಟೋದಲ್ಲಿ ರೆಕ್ಕೆ ಮಸುಕು. ಆದರೆ ಅದು ಎದುರಿಗಿನ ಕಿಟಕಿಯ ನೇರಕ್ಕೇ ನಿಲ್ಲುವ ಹಕ್ಕಿಯಲ್ಲ. ಎಡಕ್ಕೆ ಹೋಯಿತೆಂದರೆ ಎಡಗಿಟಕಿ ತೆರೆಯಬೇಕು, ಆ ಕಿಟಕಿಗೆ ಇರುವುದು ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ. ‘ಚರ್ರ್’ ಎಂದು ಕಿತ್ತುಬರುವ ಆ ಸದ್ದಿಗೆ ಮಿಂಚುಳ್ಳಿಯಷ್ಟೇ ಅಲ್ಲ, ಆಚೆ ಗದ್ದೆಯ ಬೆಳ್ಳಕ್ಕಿಗಳೂ ಎದ್ದು ಹೋಗುತ್ತವೆ. ಎಲ್ಲ ಕಿಟಕಿ ಮೊದಲೇ ತೆರೆದಿಟ್ಟರೆ ಆಚೆಯಿಂದ ಬೆಳಕು ಹಾದು, ಒಳಗಿನ ಮನುಷ್ಯನ ಆಕಾರ ಹೊರಗೆ ಎದ್ದು ಕಾಣುತ್ತದೆ. ಹಾಗಾದರೆ ಮರೆ ಯಾತಕ್ಕೆ? ಹಕ್ಕಿಗೆಂದೇ ಮಾರುವ ವಸ್ತುವನ್ನು ಹಕ್ಕಿಯೆದುರು ಕೂತು ನೋಡದೆ ಮಾಡಿದ್ದಾರೆ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಒಂದು ಬೆಳಿಗ್ಗೆ ಗದ್ದೆಯ ಯಜಮಾನರು ಬಂದು, “ಏನ್ರೀ ಸರ, ಗೂಡಾರದಾಗ ಕುಂತು ಏನ್ ಬೈಕೊಳ್ಳಾಕತ್ತೀರಿ?” ಎಂದರು. ವೆಲ್ಕ್ರೋ ತೋರಿಸಿದೆ. “ಇದನ್ನ ಕಿತ್ತು ಲಾಡಿ ಹಚ್ಚಸ್ರಿ, ನಮ್ಮ ಚೀಲಕ್ಕ ಹಚ್ಚಿದಂಗ” ಎಂದರು. ಬಜಾರಿನ ಟೈಲರ್ ವೆಲ್ಕ್ರೋ ಬಿಚ್ಚಿ, ಪ್ರತಿ ಕಿಟಕಿಗೂ ಹತ್ತಿ ಲಾಡಿ ಹೊಲಿದುಕೊಟ್ಟರು. ಈಗ ಎರಡು ಬೆರಳಲ್ಲಿ ಎಳೆದರೆ ಕಿಟಕಿ ಸದ್ದಿಲ್ಲದೆ ಬೀಳುತ್ತದೆ. ಎಡದ ಕೊಂಬೆಯಲ್ಲಿ ಸಣ್ಣ ಕಳ್ಳಿಪೀರ ಹಕ್ಕಿ ಜೇನುಹುಳುವನ್ನು ಬಡಿದು ಬಡಿದು ಮುಳ್ಳು ತೆಗೆಯುವುದು ಪೂರ್ತಿ ಸಿಕ್ಕಿದ್ದು ಆ ಲಾಡಿಯಿಂದಲೇ.

ಮಾರ್ಚ್ ಆದಮೇಲೆ ಒಂಬತ್ತು ಗಂಟೆಗೇ ಒಳಗೆ ಧಗೆ, ಕೊರಳಿಗೆ ಒದ್ದೆ ಟವೆಲ್ ಇಲ್ಲದೆ ಕೂರಲಾಗದು. ಆಷಾಢದ ಗಾಳಿಗೆ ಬಟ್ಟೆ ಪಟಪಟ ಎನ್ನುತ್ತದೆ, ಆ ದಿನಗಳಲ್ಲಿ ಒಯ್ಯುವುದೇ ಬೇಡ. ಮೊಟ್ಟೆ-ಮರಿ ಇರುವ ಗೂಡಿನ ಎದುರಂತೂ ಎಂದೂ ನಿಲ್ಲಿಸಬೇಡಿ. ತಾಯಿ ಹಕ್ಕಿ ದೂರವೇ ಉಳಿದರೆ ನಮ್ಮ ಬಿಸಿಲಿಗೆ ಮರಿ ಬದುಕುವುದಿಲ್ಲ.

ಬಂದ ಹಾಗೇ ಬಳಸುವವರಿಗೆ ಐದರಲ್ಲಿ ಎರಡು ಸ್ಟಾರ್. ಟೈಲರ್ ಕೈಗೆ ಕೊಡುವವರಿಗೆ ನಾಲ್ಕು. ಲಾಡಿ ಹತ್ತಿಯದೇ ಇರಲಿ, ನೈಲಾನ್ ಆದರೆ ಗಂಟು ಜಾರುತ್ತದೆ.